ಜೀಪಣ್ಣನ ಒಂದು ಮಾತು, ಎರಡು ತುಂಡು

ಡೆಲ್ಲಿಯವರ ಸ್ಕ್ರಿಪ್ಟು ನನ್ನ ಫೋನಿಗೆ ಬಂದಾಗ ನಾನು ಯಾರದೋ ನಾಮಕರಣದ ಆಲ್ಬಮ್ಮಿಗೆ ಫೋಟೊ ಜೋಡಿಸುತ್ತ ಕೂತಿದ್ದೆ. ಡೆಲ್ಲಿಯವರು ಅಂದರೆ ಕೇಂದ್ರದಲ್ಲಿ ಅಧಿಕಾರ ಹಿಡಿದ ಪಕ್ಷದವರು. ರಾಜ್ಯದಲ್ಲಿ ಅಧಿಕಾರ ಹಿಡಿದವರನ್ನು ಬೆಂಗಳೂರಿನವರು ಅನ್ನುತ್ತೇನೆ. ಹೆಸರು ಬೇಡ. ಎರಡೂ ಕಡೆಯವರು ನನಗೆ ಕೆಲಸ ಕೊಟ್ಟಿದ್ದಾರೆ, ಅವರ ಮೇಲೆ ದೂರು ಹೇಳಲು ಇದನ್ನು ಬರೆಯುತ್ತಿಲ್ಲ. ದೂರು ಇರುವುದು ನನ್ನ ಮೇಲೆ.

ಮೂಡಿಗೆರೆ ಬಸ್ ಸ್ಟ್ಯಾಂಡಿನ ಎದುರಿನ ಮಹಡಿಯಲ್ಲಿ ನನ್ನದೊಂದು ಸ್ಟುಡಿಯೊ ಇದೆ. ಮದುವೆ ವಿಡಿಯೊ, ಫ್ಲೆಕ್ಸ್ ಡಿಸೈನು, ಪ್ರಚಾರದ ಆಟೊಗಳಿಗೆ ದನಿ ಕೊಡುವುದು, ಇಷ್ಟು ಕೆಲಸ. ಪೋಲಿಯೊ ಹನಿಯಿಂದ ಹಿಡಿದು ಸೀರೆ ಅಂಗಡಿಯ ರಿಯಾಯಿತಿಯವರೆಗೆ ಈ ತಾಲೂಕಿನ ರಸ್ತೆಗಳಲ್ಲಿ ಕೇಳುವ ಹೆಂಗಸಿನ ದನಿ ಹೆಚ್ಚಿನಂಶ ನನ್ನದೇ. ಎಲೆಕ್ಷನ್ ಬಂದರೆ ಬೆಳಿಗ್ಗೆ ಒಂದು ಪಕ್ಷ, ಮಧ್ಯಾಹ್ನ ಇನ್ನೊಂದು ಪಕ್ಷ. ಹೊಟ್ಟೆಪಾಡಿಗೆ ನಾಚಿಕೆ ಎಂತದು ಅಂದುಕೊಂಡಿದ್ದೆ. ಮಂಗಳಾರತಿ ಬೆಳಗುವ ಭಟ್ಟರು ಯಾರ ಹೆಸರಿಗಾದರೂ ಅರ್ಚನೆ ಮಾಡುತ್ತಾರಲ್ಲ, ಹಾಗೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಎಷ್ಟೋ ವರ್ಷ ಕಳೆದಿದ್ದೆ.

ಆ ವರ್ಷ ಡೀಸೆಲ್ ಒಂದೇ ಸಮನೆ ಏರುತ್ತಿತ್ತು. ಎಲೆಕ್ಷನ್ ದೂರವಿತ್ತು, ಆದರೆ ಪ್ರಚಾರಕ್ಕೆ ಈಗ ಎಲೆಕ್ಷನ್ ಬೇಕಾಗಿಲ್ಲ. ಬೆಲೆ ಏರಿದ್ದಕ್ಕೆ ರಾಜ್ಯದ ತೆರಿಗೆ ಕಾರಣ ಅಂತ ಡೆಲ್ಲಿಯವರು, ಕೇಂದ್ರದ ತೆರಿಗೆ ಕಾರಣ ಅಂತ ಬೆಂಗಳೂರಿನವರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಬಂಕಿನ ಮುಂದೆ ನಿಂತ ನಾವೆಲ್ಲ ಆ ಕೂಸು. ಎರಡೂ ಕಡೆಯವರಿಗೆ ಅರ್ಧ ನಿಮಿಷದ ವಿಡಿಯೊಗಳು ಬೇಕಿದ್ದವು, ಜನ ಫೋನಿನ ಸ್ಟೇಟಸ್ಸಿಗೆ ಹಾಕಿಕೊಳ್ಳುವಂಥವು.

ಬಂದ ಸ್ಕ್ರಿಪ್ಟು ಎಲ್ಲೋ ಬೇರೆ ಭಾಷೆಯಲ್ಲಿ ಹುಟ್ಟಿ ನಮ್ಮಲ್ಲಿಗೆ ಬರುವಷ್ಟರಲ್ಲಿ ಸುಸ್ತಾಗಿತ್ತು. ‘ಜಾಗತಿಕ ಸನ್ನಿವೇಶದ ಹಿನ್ನೆಲೆಯಲ್ಲಿ ಇಂಧನ ದರದ ಮೇಲ್ಮುಖ ಚಲನೆಯನ್ನು ರಾಷ್ಟ್ರನಿರ್ಮಾಣದ ದೃಷ್ಟಿಕೋನದಿಂದ ಅವಲೋಕಿಸಬೇಕಾಗಿದೆ’ ಎಂದು ಶುರುವಾಗುತ್ತಿತ್ತು. ಇದನ್ನು ಜೀಪ್ ಸ್ಟ್ಯಾಂಡಿನಲ್ಲಿ ಓದಿದರೆ ಯಾರ ಶ್ರಾದ್ಧದ ಮಂತ್ರ ಇದು ಅಂತ ಕೇಳುತ್ತಾರೆ ಎಂದು ನಾನು ಅವರ ತಾಲೂಕು ಉಸ್ತುವಾರಿಗೆ ಫೋನಿನಲ್ಲೇ ಹೇಳಿದೆ. ಉಸ್ತುವಾರಿ ಕಾಫಿ ವ್ಯಾಪಾರದ ಮನುಷ್ಯ, ನಗುವುದು ಗೊತ್ತಿದ್ದವರು. ಭಾಷೆ ನಿಮಗೆ ಬಿಟ್ಟದ್ದು, ಆದರೆ ಮಾತಾಡುವವರು ನಮ್ಮ ಊರಿನ ನಿಜವಾದ ಡ್ರೈವರ್ ಆಗಿರಬೇಕು, ‘ದೇಶಕ್ಕೋಸ್ಕರ ತಡೆದುಕೊಳ್ಳುತ್ತೇನೆ’ ಅನ್ನುವ ಅರ್ಥ ಅವರ ಬಾಯಿಂದಲೇ ಬರಬೇಕು, ಎಂದರು.

ಸುಲಭದ ಕೆಲಸ ಅಂದುಕೊಂಡು ಹೊರಟೆ. ಮೊದಲ ದಿನ ಮೂವರನ್ನು ಹಿಡಿದೆ. ಒಬ್ಬ, ಟ್ಯಾಂಕ್ ತುಂಬಿಸಿ ಕೊಟ್ಟರೆ ಏನು ಬೇಕಾದರೂ ಹೇಳುತ್ತೇನೆ ಅಂದ. ಇನ್ನೊಬ್ಬ ತನ್ನ ಮಾವ ಬೆಂಗಳೂರಿನವರ ಕಡೆ, ಹಬ್ಬಕ್ಕೆ ಮನೆಗೆ ಕರೆಯುವುದಿಲ್ಲ ಅಂತ ಜಾರಿಕೊಂಡ. ಮೂರನೆಯವನು ಒಪ್ಪಿದ, ಆದರೆ ಕ್ಯಾಮೆರಾದ ಮುಂದೆ ಅವನ ಮುಖ ಪೊಲೀಸರು ಹಿಡಿದು ನಿಲ್ಲಿಸಿದ ಹಾಗಿತ್ತು. ಹನ್ನೊಂದು ಸಲ ಹೇಳಿಸಿದೆ, ಹನ್ನೊಂದೂ ಹಾಳು. ಎರಡನೆಯ ದಿನ ಮಳೆ ಹಿಡಿಯಿತು. ಉಸ್ತುವಾರಿ ಗಂಟೆಗೊಮ್ಮೆ ಫೋನು ಮಾಡುತ್ತಿದ್ದರು. ಆಗ ನನಗೆ ಜೀಪಣ್ಣ ನೆನಪಾದರು.

ಜೀಪಣ್ಣ ನಮ್ಮ ಜಾವಳಿಯವರು. ನಾನು ಹೈಸ್ಕೂಲಿಗೆ ಮೂಡಿಗೆರೆಗೆ ಬರುತ್ತಿದ್ದಾಗ ಬಸ್ಸು ತಪ್ಪಿದ ದಿನಗಳಲ್ಲೆಲ್ಲ ಅವರ ಜೀಪೇ ಗತಿ. ಎಷ್ಟೇ ಜನ ತುಂಬಿರಲಿ, ಸ್ಕೂಲ್ ಮಕ್ಕಳನ್ನು ಕಂಡರೆ ನಿಲ್ಲಿಸದೆ ಹೋದವರಲ್ಲ. ಈಗಲೂ ಕೊಯ್ಲಿನ ಕಾಲದಲ್ಲಿ ಕೂಲಿ ಹೆಂಗಸರನ್ನು ಬೆಳಿಗ್ಗೆ ಎಸ್ಟೇಟುಗಳಿಗೆ ಬಿಟ್ಟು ಸಂಜೆ ಕರೆತರುವುದು ಅವರ ಕೆಲಸ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ನಮ್ಮ ಕಡೆ ಪ್ರತಿ ವರ್ಷ ದೀಪಾವಳಿ ಕಳೆದ ಮೊದಲ ಭಾನುವಾರ ಜೀಪಿನವರೂ ತೋಟದ ಸಾಹುಕಾರರೂ ಒಂದು ಎಸ್ಟೇಟಿನ ಕಾಫಿ ಒಣಗಿಸುವ ಕಣದಲ್ಲಿ ಸೇರುತ್ತಾರೆ. ಆ ಕೊಯ್ಲಿನುದ್ದಕ್ಕೂ ಒಂದು ಟ್ರಿಪ್ಪಿಗೆ ಇಷ್ಟು ಅಂತ ಅಲ್ಲೇ ಮಾತಾಗಬೇಕು. ಬರೆದುಕೊಳ್ಳುವ ಪದ್ಧತಿ ಇಲ್ಲ. ಜೀಪಿನವರ ಪರವಾಗಿ ಒಬ್ಬರು ಎದ್ದು ಹೇಳುತ್ತಾರೆ, ಸಾಹುಕಾರರು ಹೂಂ ಅಂದರೆ ಕಾಫಿ ಕುಡಿದು ಏಳುತ್ತಾರೆ. ಆಮೇಲೆ ಡೀಸೆಲ್ ಏರಲಿ ಇಳಿಯಲಿ, ಕೊಯ್ಲು ಮುಗಿಯುವವರೆಗೆ ಮಾತು ಮಾತೇ. ಹಲವು ವರ್ಷಗಳಿಂದ ಎದ್ದು ಹೇಳುತ್ತಿದ್ದವರು ಜೀಪಣ್ಣ. ಅವರು ಹೆಚ್ಚು ಕೇಳುವುದಿಲ್ಲ, ಒಪ್ಪಿದ ಮೇಲೆ ಒಂದು ಟ್ರಿಪ್ಪೂ ತಪ್ಪಿಸುವುದಿಲ್ಲ ಅಂತ ಎರಡೂ ಕಡೆಯವರಿಗೆ ನಂಬಿಕೆ.

ಮೂರನೆಯ ದಿನ ಮಳೆ ಬಿಟ್ಟಿತು. ಜಾವಳಿಗೆ ಸ್ವಲ್ಪ ಮುಂಚಿನ ತಿರುವಿನಲ್ಲಿ ಜೀಪು ನಿಲ್ಲಿಸಿ, ಬಾನೆಟ್ ಎತ್ತಿಸಿ, ಬೆಳಕು ಅವರ ಎಡಗೆನ್ನೆಗೆ ಬೀಳುವಂತೆ ನಿಲ್ಲಿಸಿದೆ. ಶರ್ಟಿನ ಕಾಲರಿಗೆ ಮೈಕ್ ಸಿಕ್ಕಿಸಿ ಗಾಳಿಯ ಸದ್ದು ತಡೆಯುವ ಸ್ಪಂಜು ಹಾಕಿದೆ. ನಾನು ತಿದ್ದಿ ಬರೆದುಕೊಂಡು ಹೋದ ನಾಲ್ಕು ಸಾಲನ್ನು ಅವರು ನೋಡಿ ಹಾಳೆಯನ್ನು ನನಗೇ ಕೊಟ್ಟರು. ಬರೆದದ್ದನ್ನು ಓದಲು ತಮಗೆ ಬರುವುದಿಲ್ಲ, ಬೇಕಾದರೆ ಕೇಳು, ಅನ್ನಿಸಿದ್ದನ್ನು ಹೇಳುತ್ತೇನೆ ಅಂದರು. ಸರಿ, ಡೀಸೆಲ್ ಇಷ್ಟು ಏರಿದೆಯಲ್ಲ ಅಣ್ಣ, ಏನನ್ನುತ್ತೀರಿ ಅಂತ ಕೇಳಿದೆ.

ಅವರು ಕೈ ಒರೆಸುವ ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸಿಕೊಂಡು ಯೋಚಿಸಿದರು.

“ದೇಶಕ್ಕೆ ಒಳ್ಳೇದಾಗುತ್ತೆ ಅಂದ್ರೆ ನಾನು ತಡ್ಕೊಳ್ತೀನಿ ಮಾರಾಯ್ತಿ.” ಅಷ್ಟು ಹೇಳಿ ಉಸಿರು ತೆಗೆದುಕೊಂಡರು. ಆಗಲೇ ತಿರುವಿನಾಚೆಯಿಂದ ಬಸ್ಸೊಂದು ಹಾರ್ನ್ ಹೊಡೆಯಿತು. “ಆದ್ರೆ ಎಷ್ಟು ದಿನ ಅಂತ ಯಾರಾದ್ರೂ ಹೇಳ್ಬೇಕಲ್ಲ.”

ಒಂದೇ ಟೇಕು. ಇಷ್ಟು ವರ್ಷದ ಕೆಲಸದಲ್ಲಿ ಅಷ್ಟು ಚೆನ್ನಾಗಿ ಯಾರೂ ಮಾತಾಡಿರಲಿಲ್ಲ. ಕೋಪವಿಲ್ಲ, ಗೋಳಿಲ್ಲ, ಯಾರನ್ನೂ ಹೊಗಳಿಲ್ಲ. ಮೈಕ್ ಬಿಚ್ಚುವಾಗ ಅವರು ಕೇಳಿದರು, “ಪೂರ್ತಿ ಹಾಕ್ತೀಯಲ್ಲ?”

“ಹ್ಞೂಂ ಅಣ್ಣ,” ಅಂದೆ. ಎಷ್ಟು ಹಗುರವಾಗಿ ಅಂದೆ ಎಂದು ಈಗ ನೆನೆದರೆ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ.

ಮಧ್ಯಾಹ್ನ ಉಸ್ತುವಾರಿ ಸ್ಟುಡಿಯೊಗೆ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ಎರಡು ಸಲ ಕೇಳಿದರು, ಮೂರನೆಯ ಸಲ ‘ತಡ್ಕೊಳ್ತೀನಿ’ ಬಂದ ಕೂಡಲೇ ಕೈ ಎತ್ತಿದರು. ಇಲ್ಲಿಗೆ ಸಾಕು ಅಂದರು. ನಾನು ಒಂದಿಷ್ಟು ವಾದ ಮಾಡಿದೆ. ಪೂರ್ತಿ ಇದ್ದರೇ ಸಹಜ, ಬರೀ ಮೊದಲರ್ಧ ಇಟ್ಟರೆ ಹೇಳಿಕೊಟ್ಟು ಹೇಳಿಸಿದಂತಿರುತ್ತದೆ ಅಂದೆ. ಅದು ಕೆಲಸದ ವಾದ, ಧರ್ಮದ ವಾದವಲ್ಲ. ಅವರು ನಕ್ಕು, “ಮೇಡಂ, ಪ್ರಶ್ನೆ ಕೇಳೋದು ಆ ಕಡೆಯವರ ಕೆಲಸ, ನಮ್ದಲ್ಲ,” ಅಂದರು. ನಾನು ಕತ್ತರಿಸಿದೆ. ‘ಮಾರಾಯ್ತಿ’ಯನ್ನೂ ತೆಗೆದೆ, ಅದು ನನ್ನನ್ನು ಕರೆದದ್ದು, ದೇಶವನ್ನಲ್ಲ. ಹಿಂದೆ ಹುರುಪಿನ ಸಂಗೀತ ಹಾಕಿ, ಜೀಪು ಏರಿ ಬರುವ ಎರಡು ಶಾಟ್ ಸೇರಿಸಿ, ಕೊನೆಗೆ ನನ್ನದೇ ದನಿಯಲ್ಲಿ ‘ಇಂದಿನ ತಾಳ್ಮೆ, ನಾಳಿನ ಬಲ’ ಎಂದು ಹೇಳಿ ಮುಗಿಸಿದೆ.

ನನಗೊಂದು ಅಭ್ಯಾಸ ಇದೆ. ಟೈಲರುಗಳು ಚೂರು ಬಟ್ಟೆ ಇಟ್ಟುಕೊಳ್ಳುವ ಹಾಗೆ, ಉಳಿದ ತುಣುಕುಗಳಲ್ಲಿ ಚೆನ್ನಾಗಿರುವುದನ್ನು ‘ಉಳಿಕೆ’ ಅಂತ ಒಂದು ಫೋಲ್ಡರಿನಲ್ಲಿ ಹಾಕಿಡುವುದು. ‘ಎಷ್ಟು ದಿನ ಅಂತ ಯಾರಾದ್ರೂ ಹೇಳ್ಬೇಕಲ್ಲ’ ಎಂಬುದನ್ನು ಅಲ್ಲಿ ಹಾಕಿದೆ. ಅದಕ್ಕೆ ಮೊದಲಿನ ‘ಆದ್ರೆ’ ಮೇಲೆ ಬಸ್ಸಿನ ಹಾರ್ನ್ ಕೂತಿತ್ತಲ್ಲ, ಅದನ್ನು ಕೊಳಕು ಅಂತ ಕತ್ತರಿಸಿ ಎಸೆದೆ. ರಾಜಕೀಯದ ಕೆಲಸದಲ್ಲಿ ಇನ್ನೊಂದು ನಿಯಮ ಇದೆ, ಮೂಲ ರೆಕಾರ್ಡಿಂಗ್ ಇಟ್ಟುಕೊಳ್ಳುವ ಹಾಗಿಲ್ಲ. ಉಸ್ತುವಾರಿ ಏಳುವ ಮುಂಚೆ ಅಳಿಸಿದಿರಾ ಅಂತ ಕೇಳಿದರು. ಮರುದಿನ ಕಳಸದಲ್ಲಿ ಒಂದು ಮದುವೆ ಇತ್ತು, ಕ್ಯಾಮೆರಾದ ಕಾರ್ಡ್ ಹೇಗೂ ಖಾಲಿ ಬೇಕಿತ್ತು. ಅವರ ಎದುರಿಗೇ ಅಳಿಸಿದೆ.

ವಿಡಿಯೊ ಹೋದದ್ದೇ ಹೋದದ್ದು. ಕಳಸದ ಮದುವೆಮನೆಯಲ್ಲಿ ಊಟದ ಪಂಕ್ತಿಯಲ್ಲಿ ಕೂತವರು ಒಬ್ಬರಿಗೊಬ್ಬರು ತೋರಿಸುತ್ತಿದ್ದರು. ಸಂಜೆ ಜೀಪಣ್ಣನ ಫೋನು ಬಂತು. ಹಾರ ತುರಾಯಿ ಹಾಕುವ ಹೊತ್ತಿನಲ್ಲಿ ನಾನು ಎತ್ತಲಿಲ್ಲ. ಆಮೇಲೆ ಮಾಡೋಣ ಅಂದುಕೊಂಡೆ, ಮಾಡಲಿಲ್ಲ. ಏನು ಕೇಳುತ್ತಾರೆ ಅಂತ ಗೊತ್ತಿತ್ತಲ್ಲ.

ವಾರ ಕಳೆಯುವುದರೊಳಗೆ ಬೆಂಗಳೂರಿನವರ ತಾಲೂಕು ಕಾರ್ಯದರ್ಶಿ ಮಹಡಿ ಹತ್ತಿ ಬಂದರು. ಇವರು ವಕೀಲರು, ಬಂದ ಕೂಡಲೇ ವಿಷಯಕ್ಕೆ ಬರುವವರು. ಆ ಡ್ರೈವರಿನ ವಿಡಿಯೊಗೆ ಉತ್ತರ ಕೊಡಬೇಕು, ಯಾರನ್ನಾದರೂ ಮಾತಾಡಿಸಿ ಕೊಡಿ, ಎರಡು ದಿನ ಸಮಯ ಅಂದರು. ನನಗೆ ಉಳಿಕೆಯ ಫೋಲ್ಡರ್ ನೆನಪಾಯಿತು. ಇಲ್ಲಿ ನಾನು ಸುಳ್ಳು ಹೇಳಬಾರದು: ಒಂದು ಕ್ಷಣ ಹಿಂಜರಿಕೆ ಆಯಿತು. ಮರುಕ್ಷಣಕ್ಕೆ ನನ್ನ ಬುದ್ಧಿ ಅದಕ್ಕೊಂದು ಒಳ್ಳೆಯ ಉತ್ತರ ಹೊಂದಿಸಿತು. ಪೂರ್ತಿ ಹಾಕುತ್ತೇನೆ ಅಂದಿದ್ದೆನಲ್ಲ, ಇನ್ನರ್ಧವೂ ಹೊರಗೆ ಹೋದರೆ ಕೊಟ್ಟ ಮಾತು ಉಳಿಸಿಕೊಂಡಂತೆ ಆಯಿತಲ್ಲ! ಮೊದಲರ್ಧ ಒಬ್ಬರಿಗೆ ಕೊಟ್ಟು ಎರಡನೆಯ ಅರ್ಧ ಮುಚ್ಚಿಡುವುದೇ ಅನ್ಯಾಯ ಅಂತ ನನಗೆ ನಾನೇ ವಕೀಲಿ ಮಾಡಿಕೊಂಡೆ. ಆ ಕಾರ್ಯದರ್ಶಿಗಿಂತ ದೊಡ್ಡ ವಕೀಲೆ ನಾನು.

ಈ ಸಲ ಕೊಳಲು ಹಾಕಿದೆ. ಚಿತ್ರವನ್ನು ಸ್ವಲ್ಪ ಮಂಕು ಮಾಡಿದೆ. ‘ಎಷ್ಟು ದಿನ ಅಂತ ಯಾರಾದ್ರೂ ಹೇಳ್ಬೇಕಲ್ಲ.’ ಕೊಳಲಿನ ಹಿಂದೆ ಅದು ಗೋಳಿನಂತೆಯೇ ಕೇಳಿತು. ಅವರು ಕೇಳಿದ್ದು ಗೋಳಲ್ಲ, ದಾರಿ ಎಷ್ಟು ದೂರ ಅಂತ ಕೇಳುವಂಥ ಒಂದು ಸಾದಾ ಪ್ರಶ್ನೆ. ಕೊನೆಗೆ ಮತ್ತೆ ನನ್ನದೇ ದನಿ. ಕಾರ್ಯದರ್ಶಿಗೆ ಎಷ್ಟು ಹಿಡಿಸಿತೆಂದರೆ ‘ಎಷ್ಟು ದಿನ?’ ಅಂತಲೇ ಫ್ಲೆಕ್ಸ್ ಮಾಡಿಸಿದರು. ಅದರ ಡಿಸೈನೂ ನಾನೇ. ಬಸ್ ಸ್ಟ್ಯಾಂಡಿನ ಮುಂದೆ ಜೀಪಣ್ಣನ ಮುಖ ಆಳೆತ್ತರ ನಿಂತಿತು.

ಇದಾದ ಮೇಲೆ ದೀಪಾವಳಿ ಬಂತು, ಹೋಯಿತು. ದೇವರಮನೆ ಗುಡ್ಡದಲ್ಲಿ ಮದುವೆಗೆ ಮುಂಚಿನ ಫೋಟೊ ತೆಗೆಯುವ ಕೆಲಸವೊಂದು ಸಿಕ್ಕಿತು. ಅಲ್ಲಿಗೆ ಯಾವಾಗಲೂ ಜೀಪಣ್ಣನ ಜೀಪೇ. ಫೋನು ಮಾಡಿದೆ, ಎತ್ತಲಿಲ್ಲ. ನನಗೆ ಕೋಪವೂ ಬಂತು. ಅಷ್ಟಕ್ಕೇ ಇವರಿಗೆ ಇಷ್ಟು ಬಿಂಕವೇ ಅಂತ. ಸ್ಟ್ಯಾಂಡಿನಿಂದ ಬೇರೊಬ್ಬ ಡ್ರೈವರನ್ನು ಕರೆದುಕೊಂಡು ಹೋದೆ. ಮದುವೆಯಾಗುವ ಹುಡುಗ ಹುಡುಗಿ ಹಿಂದೆ ಕೂತು ಅವರ ಲೋಕದಲ್ಲಿದ್ದರು. ನಾನು ಮುಂದೆ. ದಾರಿಯಲ್ಲಿ ಆತ ತಾನಾಗಿಯೇ ಕಣದ ಭಾನುವಾರದ ವಿಷಯ ತೆಗೆದ.

ಆತ ಹೇಳಿದ್ದು ಇಷ್ಟು. ಎಲ್ಲರೂ ಸೇರಿದ್ದರು. ಈ ವರ್ಷ ಹೋದ ವರ್ಷದ ರೇಟಿಗೆ ಓಡಿಸಿದರೆ ಟೈರು ಸವೆದದ್ದೂ ಹುಟ್ಟುವುದಿಲ್ಲ ಅಂತ ಎಲ್ಲರಿಗೂ ಗೊತ್ತು, ಸಾಹುಕಾರರಿಗೂ ಗೊತ್ತು. ಜೀಪಣ್ಣ ಎದ್ದು ನಿಂತರು. ಬಾಯಿ ತೆರೆಯುವ ಮುಂಚೆಯೇ ಒಬ್ಬ ಸಾಹುಕಾರರು ಇರು ಮಾರಾಯ, ನೀನು ಆಗಲೇ ಹೇಳಿ ಆಗಿದೆಯಲ್ಲ ಅಂತ ಫೋನು ಎತ್ತಿ ಹಿಡಿದರು. ಕೆಟ್ಟ ಮನುಷ್ಯರಲ್ಲ, ತಮಾಷೆಗೆ. ಕಣದ ತುಂಬ ಹುರುಪಿನ ಸಂಗೀತ, ‘ನಾನು ತಡ್ಕೊಳ್ತೀನಿ’. ಎಲ್ಲರೂ ನಕ್ಕರು. ಜೀಪಣ್ಣನಿಗೆ ಅವಮಾನವಾಯಿತಲ್ಲ ಎಂದು ಜೀಪಿನವರ ಪೈಕಿ ಒಬ್ಬ ಬೆಂಗಳೂರಿನವರ ವಿಡಿಯೊ ಹಾಕಿ ತೋರಿಸಿದ. ಅವನು ಮಾಡಿದ್ದು ಒಳ್ಳೆಯದಕ್ಕೆ, ಆದದ್ದು ಉಲ್ಟಾ. ಆಗ ನಗುವವರೂ ನಿಲ್ಲಿಸಿದರು. ಹಿರಿಯ ಸಾಹುಕಾರರೊಬ್ಬರು ಮೆತ್ತಗೆ ಕೇಳಿದರಂತೆ, “ಇದ್ರಲ್ಲಿ ನಿನ್ನ ಮಾತು ಯಾವ್ದು?”

“ಎರಡೂ ನಂದೇ. ಅದು ಒಂದೇ ಮಾತು,” ಅಂದರಂತೆ ಜೀಪಣ್ಣ.

ಮತ್ತೆ ನಕ್ಕರು. ಜೀಪಣ್ಣ ರೇಟು ಹೇಳದೆಯೇ ಕೂತುಬಿಟ್ಟರು. ಬೆಳಿಗ್ಗೆ ಒಂದು ಸಂಜೆ ಒಂದು ಹೇಳುವವನ ಬಾಯಿಮಾತಿನ ಮೇಲೆ ಇಡೀ ಕೊಯ್ಲಿನ ರೇಟು ಹೇಗೆ ಮಾಡುವುದು ಅಂತ ಸಾಹುಕಾರರು ಹೋದ ವರ್ಷದ್ದನ್ನೇ ಇಟ್ಟರು. ಜೀಪಿನವರು ಜೀಪಣ್ಣ ಎರಡೂ ಕಡೆ ತಿಂದಿದ್ದಾರೆ ಅಂದರು. ಸ್ಟ್ಯಾಂಡಿನ ಸರದಿಯಿಂದ ಅವರ ಹೆಸರು ತೆಗೆದರು. ನಷ್ಟಕ್ಕೆ ಓಡಿಸಲಾರದೆ ಎರಡು ಜೀಪು ನಿಂತೇ ಹೋದವು. ಆ ದಾರಿಯ ಹೆಂಗಸರು ಈಗ ಆನೆ ಓಡಾಡುವ ಜಾಗದಲ್ಲಿ ಅರ್ಧ ದಾರಿ ನಡೆದು ಬರುತ್ತಾರೆ.

“ಅವ್ರು ಹಂಗೆ ಮಾಡ್ತಾರೆ ಅಂತ ನಾವ್ಯಾರೂ ಅಂದ್ಕೊಂಡಿರ್ಲಿಲ್ಲ ಮೇಡಂ,” ಅಂದ ಆತ, ಗೇರು ಬದಲಿಸುತ್ತ. ಆ ವಿಡಿಯೊ ಯಾರು ಮಾಡಿದ್ದು ಅಂತ ಆತನಿಗೆ ಗೊತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ದೇವರಮನೆಯಲ್ಲಿ ಆ ದಿನ ನಾನು ತೆಗೆದ ಫೋಟೊಗಳಲ್ಲಿ ಹೆಚ್ಚಿನವು ಫೋಕಸ್ ತಪ್ಪಿದ್ದವು. ಹುಡುಗಿ ಪಾಪ, ಮಂಜಿನ ಎಫೆಕ್ಟ್ ಚೆನ್ನಾಗಿದೆ ಅಂದಳು.

ಸ್ಟುಡಿಯೊಗೆ ಬಂದವಳೇ ಮೂಲ ರೆಕಾರ್ಡಿಂಗ್ ಹುಡುಕಿದೆ. ಅಳಿಸಿದ್ದು ನಾನೇ ಎಂದು ಗೊತ್ತಿದ್ದೂ ಹುಡುಕಿದೆ. ಹೋದ ಫೈಲು ಹಿಂದೆ ತರುವ ಸಾಫ್ಟ್‌ವೇರ್ ಹಾಕಿ ಕಾರ್ಡನ್ನು ಜಾಲಾಡಿದೆ. ಜೀಪಣ್ಣ ಇದ್ದ ಜಾಗದಲ್ಲಿ ಕಳಸದ ಮದುವೆಯ ಧಾರೆ ಕೂತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು. ಆಡಿದವರಿಗೆ ಎಚ್ಚರಿಕೆಯ ಮಾತು ಅದು. ನಂಬಿ ಕೊಟ್ಟವರ ಮಾತನ್ನು ಒಡೆದು ಹಾಕಿದವರಿಗೆ ಏನು ಗಾದೆ ಇದೆಯೋ ಗೊತ್ತಿಲ್ಲ.

ಉಳಿದದ್ದು ಎರಡು ವಿಡಿಯೊ ಮಾತ್ರ. ಎರಡನ್ನೂ ಜೋಡಿಸೋಣ ಅಂತ ಕೂತೆ. ಎರಡು ದಿನ ಹಿಡಿಯಿತು. ಒಂದರ ಹಿಂದಿನ ಸಂಗೀತ ತೆಗೆದರೆ ದನಿ ಡಬ್ಬದೊಳಗಿಂದ ಬಂದ ಹಾಗೆ ಕೇಳುತ್ತದೆ, ಇನ್ನೊಂದರ ಕೊಳಲು ತೆಗೆದರೆ ಕೊನೆಯಕ್ಷರ ಹೋಗುತ್ತದೆ. ಒಂದರ ಬಣ್ಣ ಹೊಳೆಯುತ್ತದೆ, ಇನ್ನೊಂದರದ್ದು ಮಂಕು. ಅವರು ತೆಗೆದುಕೊಂಡ ಉಸಿರು ಎರಡರಲ್ಲೂ ಇಲ್ಲ. ‘ಆದ್ರೆ’ ಎಲ್ಲೂ ಇಲ್ಲ. ಹೇಗೆ ಜೋಡಿಸಿದರೂ ನಡುವೆ ಒಂದು ಜರ್ಕು. ನಿಜವಾಗಿ ನಡೆದದ್ದನ್ನು ಮೊದಲಿನಂತೆ ಮಾಡಲು ಹೊರಟರೆ ಅದು ನಾನು ಮಾಡಿದ ಎಲ್ಲ ಸುಳ್ಳಿಗಿಂತ ದೊಡ್ಡ ಸುಳ್ಳಾಗಿ ಕಾಣುತ್ತಿತ್ತು.

ಆದರೂ ಅದನ್ನು ಹಿಡಿದು ಜೀಪ್ ಸ್ಟ್ಯಾಂಡಿಗೆ ಹೋದೆ. ನಾಲ್ಕೈದು ಜನರನ್ನು ನಿಲ್ಲಿಸಿ, ಅವರು ಹೇಳಿದ್ದು ಹೀಗೆ, ಕತ್ತರಿಸಿದ್ದು ನಾನು ಅಂತ ಹೇಳಿ ತೋರಿಸಿದೆ. ಅವರು ಮರ್ಯಾದೆಯಿಂದಲೇ ನೋಡಿದರು. ಹಿರಿಯ ಡ್ರೈವರೊಬ್ಬರು ಕೇಳಿದರು, “ಇದೂ ಎಡಿಟ್ ಮಾಡಿದ್ದೇ ಅಲ್ವಾ ಮೇಡಂ?”

ಮಾಡಿದ್ದೇ. ಇಲ್ಲ ಅನ್ನಲು ಬರುವುದಿಲ್ಲ. ನಾನು ಕಿವಿಯಾರೆ ಕೇಳಿದ್ದೇನೆ, ನಂಬಿ ಅಂದೆ.

“ಆ ಕಡೇದ್ರಲ್ಲೂ ನಿಮ್ದೇ ದನಿ, ಈ ಕಡೇದ್ರಲ್ಲೂ ನಿಮ್ದೇ ದನಿ,” ಅಂದರು ಅವರು. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ನನಗೆ ಬಾಯಿಗೇನೂ ಕಡಿಮೆ ಇಲ್ಲ. ಅವರು ಬೈಯಲಿಲ್ಲ.

ಆಗ ಒಂದು ನಿರ್ಧಾರಕ್ಕೆ ಬಂದೆ. ಜಾವಳಿಗೆ ಹೋಗಿ ಜೀಪಣ್ಣನಿಂದ ಅದೇ ಮಾತನ್ನು ಇನ್ನೊಂದು ಸಲ ಹೇಳಿಸುವುದು. ಸಂಗೀತ ಬೇಡ, ಕಟ್ ಬೇಡ, ಒಂದೇ ಟೇಕು. ಪಕ್ಕದಲ್ಲಿ ನಾನೂ ನಿಂತು, ಹಿಂದಿನದನ್ನು ತುಂಡು ಮಾಡಿದವಳು ನಾನೇ ಅಂತ ನನ್ನ ಮುಖ ತೋರಿಸಿ ಹೇಳುವುದು. ಎರಡೂ ಪಕ್ಷದವರು ಮತ್ತೆ ಕೆಲಸ ಕೊಡುವುದಿಲ್ಲ ಅಂತ ಗೊತ್ತಿತ್ತು. ಹೋಗಲಿ. ಅದನ್ನು ಸಾಹುಕಾರರೆಲ್ಲರಿಗೂ ಕಳಿಸಿ, ಇನ್ನೊಮ್ಮೆ ಕಣ ಸೇರಿ ಅಂತ ಕೈಮುಗಿದು ಕೇಳುವುದು. ಕೊಯ್ಲು ಇನ್ನೂ ಅರ್ಧಕ್ಕೆ ಬಂದಿರಲಿಲ್ಲ.

ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಹೋದೆ. ಮನೆಯ ಪಕ್ಕದಲ್ಲಿ ಜೀಪಿಗೆ ನೀಲಿ ಟಾರ್ಪಾಲು ಹೊದಿಸಿ ಹಗ್ಗ ಬಿಗಿದಿತ್ತು. ಅಕ್ಕ, ಅಂದರೆ ಅವರ ಹೆಂಡತಿ, ಬಾ ಅಂತ ಒಳಗೆ ಕರೆದು ಕಾಫಿ ಕೊಟ್ಟರು. ಅವರ ಮುಖದಲ್ಲಿ ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು. ಜೀಪಣ್ಣ ಅಂಗಳದ ಕಟ್ಟೆಯ ಮೇಲೆ ಕೂತು ಕೈಗೆ ಅಂಟಿದ್ದ ಕಾಫಿ ಹಣ್ಣಿನ ಕಪ್ಪನ್ನು ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದರು. ಈಗ ಅವರೂ ಹಣ್ಣು ಕೊಯ್ಯಲು ಹೋಗುತ್ತಿದ್ದಾರೆ ಅಂತ ಆಗ ಗೊತ್ತಾಯಿತು, ಬೇರೆಯವರ ಜೀಪಿನಲ್ಲಿ.

“ಹಿಂದಿನ ಸೀಟಲ್ಲಿ ಕೂತ್ರೆ ದಾರಿನೇ ಬೇರೆ ಥರ ಕಾಣುತ್ತೆ ಮಾರಾಯ್ತಿ,” ಅಂದರು. ಅಷ್ಟೇ ಅವರು ದೂರಿದ್ದು.

ನಾನು ಎಲ್ಲ ಹೇಳಿದೆ. ಉಸ್ತುವಾರಿ ಕೈ ಎತ್ತಿದ್ದು, ಉಳಿಕೆಯ ಫೋಲ್ಡರು, ಕೊಳಲು, ಅವರ ಫೋನು ಎತ್ತದೆ ಬಿಟ್ಟದ್ದು. ಹೇಳುತ್ತ ಹೇಳುತ್ತ ಅತ್ತುಬಿಟ್ಟೆ. ಅವರು ಕೈ ಉಜ್ಜುವುದನ್ನು ನಿಲ್ಲಿಸಿ ಕೇಳಿದರು. ನಾನು ಜೋಡಿಸಿದ್ದನ್ನು ತೋರಿಸಿದಾಗ ಫೋನನ್ನು ಕಿವಿಯ ಹತ್ತಿರ ಹಿಡಿದುಕೊಂಡರು. ಎರಡು ಸಲ ಕೇಳಿದರು.

“ನಾನು ಹೀಗೇ ಹೇಳಿದ್ನಾ?”

ಎಲ್ಲರೂ ಅಷ್ಟು ಸಲ ಕೇಳಿಸಿ, ನಕ್ಕು, ಕೇಳಿಸಿ, ತಾನು ಏನು ಹೇಳಿದೆ ಅನ್ನುವುದು ಆ ಮನುಷ್ಯನಿಗೇ ಅನುಮಾನವಾಗಿತ್ತು. ಹೌದು ಅಣ್ಣ, ನಡುವೆ ಒಂದು ಆದ್ರೆ ಇತ್ತು, ಒಂದೇ ಉಸಿರಿನ ಮಾತು, ನಿಮ್ಮದು ಒಂದಕ್ಷರವೂ ತಪ್ಪಿರಲಿಲ್ಲ ಅಂದೆ. ಅವರು ತಲೆಯಾಡಿಸಿದರು. ಮುಖಕ್ಕೆ ಸ್ವಲ್ಪ ಗೆಲುವು ಬಂತು. ಅದನ್ನು ನೋಡಿ ನನಗೆ ಧೈರ್ಯ ಬಂತು.

ಚೀಲದಿಂದ ಮೈಕ್ ತೆಗೆದು ಅವರ ಕಾಲರಿಗೆ ಸಿಕ್ಕಿಸಿದೆ. ಅದೇ ಶರ್ಟು. ಕ್ಯಾಮೆರಾ ಕಟ್ಟೆಯೆದುರು ನಿಲ್ಲಿಸಿ, ರೆಕಾರ್ಡಿಂಗ್ ಒತ್ತಿ, ಅವರ ಪಕ್ಕದಲ್ಲಿ ಬಂದು ನಿಂತೆ. ಮೊದಲು ನನ್ನ ಭಾಗ ಹೇಳಿದೆ. ಇಷ್ಟು ವರ್ಷ ಬೇರೆಯವರ ಮಾತಿಗೆ ದನಿ ಕೊಟ್ಟವಳು, ನನ್ನದೇ ನಾಲ್ಕು ಮಾತು ಹೇಳುವಾಗ ಎರಡು ಸಲ ತಡವರಿಸಿದೆ. ಆಮೇಲೆ ಅದೇ ಪ್ರಶ್ನೆ ಕೇಳಿದೆ. ಡೀಸೆಲ್ ಇಷ್ಟು ಏರಿದೆಯಲ್ಲ ಅಣ್ಣ, ಏನನ್ನುತ್ತೀರಿ?

“ದೇಶಕ್ಕೆ ಒಳ್ಳೇದಾಗುತ್ತೆ ಅಂದ್ರೆ,” ಅಂದರು ಜೀಪಣ್ಣ.

ಅಲ್ಲಿಗೆ ನಿಂತರು. ನಾನು ಕಾದೆ. ಮರೆತಿರಬೇಕು ಅಂದುಕೊಂಡು, ನಾನು ತಡ್ಕೊಳ್ತೀನಿ, ಅಂತ ಮೆಲ್ಲಗೆ ನೆನಪಿಸಿದೆ.

“ಮರ್ತಿಲ್ಲ.” ಅವರು ಟಾರ್ಪಾಲಿನ ಕಡೆ ನೋಡುತ್ತಿದ್ದರು. “ಆವತ್ತು ತಡ್ಕೊಳ್ತೀನಿ ಅಂದಿದ್ದು ನಿಜ. ತಡ್ಕೊಳ್ಳೋ ಮನಸಿತ್ತು. ಈಗ ಹೇಳಿದ್ರೆ ಸುಳ್ಳಾಗುತ್ತೆ.”

ಆವತ್ತು ಹೇಳಿದ್ದನ್ನೇ ಅಲ್ವಾ ಅಣ್ಣ ಈಗಲೂ ಹೇಳುವುದು, ನಿಮ್ಮ ಹೆಸರು ಉಳಿಯಬೇಕಲ್ಲ, ಜೀಪು ಮತ್ತೆ ಓಡಬೇಕಲ್ಲ ಅಂತ ಬೇಡಿಕೊಂಡೆ. ಅಕ್ಕನೂ ಬಾಗಿಲಿನಿಂದ, ಒಂದು ಮಾತು ಹೇಳಿಬಿಡಿ ಅಂದರು.

“ನಂದು ಅಂತ ಇದ್ದಿದ್ದು ಮಾತೊಂದೇ. ಅದನ್ನೂ ಸುಳ್ಳು ಹೇಳಿ ವಾಪಸ್ ತಗೊಳ್ಲಾ?”

ಅವರೇ ಕಾಲರಿನಿಂದ ಮೈಕ್ ಬಿಚ್ಚಿ, ತಂತಿಯನ್ನು ಬೆರಳಿಗೆ ಸುತ್ತಿ ಸಿಕ್ಕಾಗದ ಹಾಗೆ ನನ್ನ ಕೈಗೆ ಕೊಟ್ಟರು.

ಬಸ್ಸಿನವರೆಗೆ ಜೊತೆಗೆ ನಡೆದು ಬಂದರು. ಮೊದಲಾಗಿದ್ದರೆ ಬಸ್ಸು ಯಾಕೆ, ಹತ್ತು ಅನ್ನುತ್ತಿದ್ದರು. ದಾರಿಯಲ್ಲಿ ಈ ವರ್ಷದ ಹಣ್ಣಿನ ಬಗ್ಗೆ, ನನ್ನ ಅಮ್ಮನ ಮಂಡಿನೋವಿನ ಬಗ್ಗೆ ಕೇಳಿದರು. ಬಸ್ಸು ಬಂದಾಗ ಕಂಡಕ್ಟರಿಗೆ, ನಮ್ಮ ಹುಡುಗಿ, ಸ್ಟ್ಯಾಂಡಿನ ಹತ್ತಿರವೇ ಇಳಿಸಿ ಅಂದರು. ನಾನು ಸ್ಕೂಲಿಗೆ ಹೋಗುವಾಗಲೂ ಹೀಗೆಯೇ ಹೇಳುತ್ತಿದ್ದರು. ನನಗೆ ತಲೆ ಎತ್ತಿ ಅವರ ಮುಖ ನೋಡಲಾಗಲಿಲ್ಲ.

ಆಮೇಲೆ ಎರಡೂ ಪಕ್ಷದವರು ಬಂದರು. ಗಂಟಲು ಸರಿಯಿಲ್ಲ ಅಂತ ಕಳಿಸಿದೆ. ಈಗ ನನ್ನ ಜಾಗದಲ್ಲಿ ಚಿಕ್ಕಮಗಳೂರಿನ ಯಾರದೋ ದನಿ ಕೇಳುತ್ತದೆ, ಚೆನ್ನಾಗಿದೆ. ಡೀಸೆಲ್ ನಡುವೆ ಒಂದಿಷ್ಟು ಇಳಿಯಿತು, ಇಳಿಸಿದ್ದು ನಾವು ಅಂತ ಎರಡೂ ಕಡೆಯವರು ಫ್ಲೆಕ್ಸ್ ಹಾಕಿದರು. ಜೀಪಣ್ಣನ ಜೀಪನ್ನು ಕಳಸದ ಕಡೆಯ ಯಾರೋ ಕೊಂಡುಹೋದರಂತೆ.

ಆ ಭಾನುವಾರದ ಕಾರ್ಡನ್ನು ನಾನು ಅಳಿಸಿಲ್ಲ. ಅದರಲ್ಲಿ ನಾನು ಎರಡು ಸಲ ತಡವರಿಸುವುದು ಇದೆ, ನನ್ನ ಪ್ರಶ್ನೆ ಇದೆ. ‘ದೇಶಕ್ಕೆ ಒಳ್ಳೇದಾಗುತ್ತೆ ಅಂದ್ರೆ’ ಅಂತ ಜೀಪಣ್ಣ ಶುರುಮಾಡುವುದು ಇದೆ. ಆಮೇಲೆ ಅವರು ನಿಲ್ಲುವುದೂ, ಈಗ ಹೇಳಿದರೆ ಸುಳ್ಳಾಗುತ್ತದೆ ಅನ್ನುವುದೂ ಇದೆ. ಅಲ್ಲಿ ನಾನು ಏನನ್ನೂ ಕತ್ತರಿಸಿಲ್ಲ.